ಹೊಲ, ಕಣ, ಕುರಿಹಟ್ಟಿ: ನಾಯಿ ಎಲ್ಲಿರಬೇಕು, ಎಲ್ಲಿರಬಾರದು?

ಹೊಲಕ್ಕೆ ನಾಯಿ ಬೇಕೋ ಬೇಡವೋ? ನಮ್ಮ ಕಡೆ ಪ್ರತಿ ಸುಗ್ಗಿಗೂ ಈ ಮಾತು ಬಂದೇ ಬರುತ್ತದೆ. ರಾತ್ರಿ ಕಾವಲಿಗೆ ಹೋಗುವ ಗಂಡಸರು ಬೇಕು ಅನ್ನುತ್ತಾರೆ. ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳು ಬ್ಯಾಡ ಅನ್ನುತ್ತಾರೆ. ಕುರಿಯವರನ್ನು ಕೇಳಿದರೆ ನಾಯಿ ಇಲ್ಲದ ಹಟ್ಟಿ ಹಟ್ಟಿಯೇ ಅಲ್ಲ ಅನ್ನುತ್ತಾರೆ. ಮೂವರ ಮಾತಿನಲ್ಲೂ ಸತ್ಯವಿದೆ. ಪೇಟೆಯಲ್ಲಿ ಆಫೀಸಿನೊಳಗೆ ನಾಯಿ ಬಿಡಬೇಕೋ ಬೇಡವೋ ಅಂತ ಚರ್ಚೆ ಮಾಡುವವರೂ ಇದ್ದಾರಂತೆ. ನಮಗೆ ಹೊಲವೇ ಆಫೀಸು, ಕಣವೇ ಕಾರ್ಖಾನೆ. ಹಾಗಾಗಿ ಇದು ನಮ್ಮ ಪ್ರಶ್ನೆಯೂ ಹೌದು.

ನನ್ನದು ಮಳೆ ನಂಬಿದ ಬೇಸಾಯ. ಎರೆಯಲ್ಲಿ ಜೋಳ, ಕಡಲೆ, ಮಸಾರಿಯಲ್ಲಿ ಶೇಂಗಾ. ಜೊತೆಗೆ ಒಂದಿಷ್ಟು ಕುರಿ. ತಂದೆಯವರ ಕಾಲದಿಂದ ನಮ್ಮಲ್ಲಿ ನಾಯಿ ಇಲ್ಲದ ವರ್ಷ ಇಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನಾಯಿ ಇರಲಿ, ಆದರೆ ಎಲ್ಲ ಕಡೆ, ಎಲ್ಲ ಹೊತ್ತೂ ಅಲ್ಲ. ಯಾವ ಕೆಲಸಕ್ಕೆ ಬಿಡಬೇಕು, ಯಾವ ಕೆಲಸಕ್ಕೆ ಕಟ್ಟಬೇಕು ಅನ್ನೋದು ಗೊತ್ತಿದ್ದರೆ ನಾಯಿಯಿಂದ ಲಾಭ. ಇಲ್ಲದಿದ್ದರೆ ಆಳಿನ ಜೀವಕ್ಕೂ ಕುರಿಯ ಜೀವಕ್ಕೂ ಕುತ್ತು.

ನಾಯಿ ಮಾಡುವ ಕೆಲಸ

ನಾಯಿಯ ಮುಖ್ಯ ಕೆಲಸ ಕಚ್ಚುವುದಲ್ಲ, ಬೊಗಳುವುದು. ಹಂದಿ ಬಂತು, ಕಳ್ಳ ಬಂದ, ತೋಳ ಬಂತು ಅಂತ ಮಲಗಿದವನನ್ನು ಎಬ್ಬಿಸಬೇಕು. ಮುಂದಿನದು ನಮ್ಮ ಕೆಲಸ. ಹಂದಿಯ ಮೇಲೆ ಒಂಟಿ ನಾಯಿ ಛೂ ಬಿಡುವುದು ಶಾಣ್ಯಾತನವಲ್ಲ. ಗಂಡು ಹಂದಿಯ ಕೋರೆಗೆ ಸಿಕ್ಕರೆ ನಾಯಿಯ ಹೊಟ್ಟೆ ಹರಿಯುತ್ತದೆ. ಚಿರತೆ ಓಡಾಡುವ ಗುಡ್ಡದ ಬದಿಯ ಹೊಲದಲ್ಲಿ ರಾತ್ರಿ ನಾಯಿಯನ್ನು ಒಂಟಿಯಾಗಿ ಕಟ್ಟಿ ಬರಬಾರದು. ಅದು ಕಾವಲಲ್ಲ, ಚಿರತೆಗೆ ಕರೆದು ಉಣ್ಣಿಸಿದ ಹಾಗೆ.

ಕುರಿಹಟ್ಟಿಗೆ ಮಾತ್ರ ನಾಯಿಗೆ ಬದಲು ಇಲ್ಲ. ಕೊಪ್ಪಳ, ಗದಗ ಕಡೆಯ ಬಯಲಲ್ಲಿ ಈಗಲೂ ತೋಳಗಳಿವೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ರಕ್ಷಿತ ಪ್ರದೇಶ ಮಾಡಿದ್ದಾರೆ. ತೋಳವನ್ನು ಕೊಲ್ಲುವಂತಿಲ್ಲ, ಕುರಿ ಕಳೆದುಕೊಳ್ಳಲೂ ಆಗುವುದಿಲ್ಲ. ಬಲೆ ಕಟ್ಟಿದ ಹಟ್ಟಿ, ಎಚ್ಚರ ಇರುವ ಎರಡು ನಾಯಿ, ಒಬ್ಬ ಮನುಷ್ಯ ಇದ್ದರೆ ಇಬ್ಬರೂ ಬದುಕಬಹುದು.

ಇನ್ನೊಂದು ಮಾತು. ಜಿಂಕೆ ಬೆಳೆ ತಿನ್ನುತ್ತದೆ ಅಂತ ಅದರ ಬೆನ್ನಿಗೆ ಓಟದ ನಾಯಿ ಬಿಡುವವರಿದ್ದಾರೆ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ನಾಯಿ ಹಿಡಿದು ಕೊಂದರೂ ಕೇಸು ನಾಯಿಯ ಮೇಲೆ ಆಗುವುದಿಲ್ಲ, ಬಿಟ್ಟವನ ಮೇಲೆ ಆಗುತ್ತದೆ.

ಮುಧೋಳವೋ, ನಾಟಿಯೋ?

ಮುಧೋಳ ನಾಯಿ ನಮ್ಮ ಭಾಗದ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ತಂದಾಗ ಮುಧೋಳವೂ ಅದರಲ್ಲಿತ್ತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಆದರೆ ಇದು ಕಣ್ಣಿನಿಂದ ನೋಡಿ ಬೆನ್ನಟ್ಟುವ ಬೇಟೆ ನಾಯಿ. ಓಡುವುದೇ ಅದರ ಹುಟ್ಟುಗುಣ. ದಿನಾ ಓಡಲು ಬಿಡದೆ ಸರಪಳಿಯಲ್ಲೇ ಇಟ್ಟರೆ ಅದರ ಬುದ್ಧಿ ಕೆಡುತ್ತದೆ. ಬಿಟ್ಟರೆ ಮೊಲ, ಜಿಂಕೆ ಕಂಡಲ್ಲಿಗೆ ಹೋಗುತ್ತದೆ. ಎರಡು ಮೂರು ಎಕರೆಯ ಸಣ್ಣ ರೈತನಿಗೆ ಊರ ನಾಟಿ ನಾಯಿ ಸಾಕು. ರೊಟ್ಟಿ, ನುಚ್ಚು, ಮಜ್ಜಿಗೆಗೆ ಒಗ್ಗುತ್ತದೆ, ಬಿಸಿಲಿಗೆ ತಡೆಯುತ್ತದೆ, ಇದ್ದ ಜಾಗ ಬಿಡುವುದಿಲ್ಲ.

ಕಳೆ ತೆಗೆಯುವ ದಿನ ಕಟ್ಟಲೇಬೇಕು

ನಾಯಿ ಯಜಮಾನನಿಗೆ ಗೊತ್ತು, ಆಳಿಗೆ ಗೊತ್ತಿಲ್ಲ. ಇದನ್ನು ನಾವು ಮರೆಯುತ್ತೇವೆ. ಕಳೆ ತೆಗೆಯುವ ಹೆಣ್ಣುಮಕ್ಕಳು ಕುಂತು ಕೆಲಸ ಮಾಡುತ್ತಾರೆ. ಮುಖ ನಾಯಿಯ ಬಾಯಿಯ ಮಟ್ಟಕ್ಕೇ ಇರುತ್ತದೆ. ಕೈಯಲ್ಲಿ ಕುರ್ಚಿಗಿ, ಎದ್ದು ಓಡಲು ಆಗುವುದಿಲ್ಲ. ಬೇವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಕೂಸು ಮಲಗಿರುತ್ತದೆ. ಬುತ್ತಿ ಗಂಟು ಅಲ್ಲೇ ಇರುತ್ತದೆ. ನಾಯಿ ರೊಟ್ಟಿಯ ವಾಸನೆಗೆ ಗಂಟಿನ ಹತ್ತಿರ ಹೋಗುತ್ತದೆ, ಹುಡುಗ ಕೋಲು ಎತ್ತುತ್ತಾನೆ, ಅಷ್ಟೇ ಸಾಕು.

ನಮ್ಮ ಊರಲ್ಲಿ ಕೆಲ ವರ್ಷದ ಹಿಂದೆ ಒಂದು ಹೊಲದಲ್ಲಿ ಹೀಗೇ ಆಯಿತು. ಕಡಿಸಿಕೊಂಡ ಹೆಣ್ಣುಮಗಳ ಗಾಯಕ್ಕೆ ಸುಣ್ಣ ಅರಿಶಿನ ಮೆತ್ತಿದರು. ಮೂರನೇ ದಿನ ಯಾರೋ ಬುದ್ಧಿವಂತರು ಹೇಳಿದ ಮೇಲೆ ಆಸ್ಪತ್ರೆಗೆ ಹೋದಳು. ಸೂಜಿ ಪೂರ್ತಿ ಮಾಡಿಸಿದ್ದರಿಂದ ಏನೂ ಆಗಲಿಲ್ಲ. ಆದರೆ ಓಡಾಟದ ಬಸ್ಸಿನ ಖರ್ಚು, ತಪ್ಪಿದ ಕೂಲಿ ಯಾರು ಕೊಡಬೇಕು ಅಂತ ತಿಂಗಳುಗಟ್ಟಲೆ ಮಾತು ನಡೆಯಿತು. ಹೊಲದವನು ‘ಅಕಿ ನಾಯಿ ತುಳಿದಳು’ ಅಂದ. ಅವಳು ‘ನಾ ಕೆಲಸಕ್ಕ ಬಂದಿದ್ದೆ, ನಾಯಿ ನೋಡಾಕ ಬಂದಿದ್ದಿಲ್ಲ’ ಅಂದಳು. ಅವಳ ಮಾತೇ ಸರಿ. ಮರುವರ್ಷ ಕಳೆಗೆ ಹೇಳಲು ಹೋದರೆ ಗುಂಪಿನ ಹಿರಿಯಾಕಿ ಎಲ್ಲರಿಗೂ ಒಂದೇ ಮಾತು ಹೇಳಿದಳು: ‘ಅಣ್ಣಾರ, ನಾಯಿ ಕಟ್ಟಿದ್ರ ಬರ್ತೀವ್ರಿ, ಇಲ್ಲಂದ್ರ ಬ್ಯಾರೆ ಹೊಲ ನೋಡ್ಕೋತೀವಿ.’

ಆಳು ಸಿಗದ ಈ ಕಾಲದಲ್ಲಿ ಇದು ಬರೀ ದಯೆಯ ಮಾತಲ್ಲ, ಬೇಸಾಯದ ಲೆಕ್ಕ. ಕಾನೂನೂ ಅವರ ಕಡೆಗೇ ಇದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ಸಾಕಿದ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಳೆಯ ದಂಡಸಂಹಿತೆಯಲ್ಲೂ ಇಂಥ ಕಲಮು ಇತ್ತು.

ಕಣದಲ್ಲಿ ಹಗಲು ಬೇಡ, ರಾತ್ರಿ ಇರಲಿ

ರಾಶಿಯ ಕಾಳು ಊಟಕ್ಕೆ ಹೋಗುವಂಥದ್ದು. ನಾಯಿಗೆ ಕಾಳಿನ ಗುಡ್ಡೆಯೂ ಒಂದೇ, ಮಣ್ಣಿನ ಗುಡ್ಡೆಯೂ ಒಂದೇ, ಕಾಲೆತ್ತಿ ಹೋಗುತ್ತದೆ. ಒಣಗಲು ಹಾಕಿದ ಶೇಂಗಾದ ಮೇಲೆ ಬೆಚ್ಚಗೆ ಮಲಗುತ್ತದೆ. ರಾಶಿ ಮಶೀನು ನಡೆಯುವಾಗ ಬೆಲ್ಟಿನ ಹತ್ತಿರ ಅಡ್ಡ ಬಂದರೆ ಅದನ್ನು ಓಡಿಸಲು ಹೋದ ಮನುಷ್ಯನ ಕೈಗೇ ಅಪಾಯ. ಟ್ರಾಕ್ಟರ್ ಟ್ರೇಲರಿನ ನೆರಳಲ್ಲಿ ಮಲಗುವುದು ಅದರ ಚಟ. ಗಾಡಿ ತೆಗೆಯುವ ಮುಂಚೆ ಕೆಳಗೆ ಬಗ್ಗಿ ನೋಡಬೇಕು. ಹಗಲು ಕಣದಿಂದ ದೂರ ಕಟ್ಟಿ, ಕತ್ತಲಾಗಿ ಕಾಳಿನ ಮೇಲೆ ತಾಡಪತ್ರಿ ಹೊಚ್ಚಿದ ಮೇಲೆ ಬಿಟ್ಟರೆ ಕಾವಲೂ ಆಯಿತು, ಕಾಳೂ ಉಳಿಯಿತು.

ಇಲಿಪಾಷಾಣ ಇಟ್ಟ ಹೊಲಕ್ಕೆ, ಔಷಧ ಲೇಪಿಸಿದ ಬೀಜ ಇಟ್ಟ ಕೋಣೆಗೆ ನಾಯಿ ಬಿಡಬಾರದು. ಪಾಷಾಣ ತಿಂದು ಸತ್ತ ಇಲಿಯನ್ನು ತಿಂದರೂ ನಾಯಿ ಸಾಯಬಹುದು. ಸತ್ತ ಇಲಿಗಳನ್ನು ಆಯ್ದು ಹೂಳಬೇಕು.

ಕುರಿಹಟ್ಟಿಯ ಕಾಣದ ಶತ್ರು

ಇದು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ವಿಷಯ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕುರಿಮರಿ ತಲೆ ಓರೆ ಮಾಡಿ ಒಂದೇ ಕಡೆ ಗಿರಗಿರ ಸುತ್ತುತ್ತದೆ, ಗೋಡೆಗೆ ತಲೆ ಕೊಡುತ್ತದೆ, ಮೇವು ಬಿಡುತ್ತದೆ, ಕೊನೆಗೆ ಸಾಯುತ್ತದೆ. ದೆವ್ವ ಬಡಿಯಿತು ಅಂತ ತಾಯಿತ ಕಟ್ಟುವವರಿದ್ದಾರೆ. ಹೀಗೆ ಸುತ್ತುವುದಕ್ಕೆ ಒಂದು ದೊಡ್ಡ ಕಾರಣ ನಾಯಿಯ ಹೊಟ್ಟೆಯ ಲಾಡಿಹುಳ. ಅದರ ತತ್ತಿ ನಾಯಿಯ ಹೇಲಿನಲ್ಲಿ ಹೊಲಕ್ಕೆ ಬೀಳುತ್ತದೆ. ಕುರಿ ಹುಲ್ಲಿನ ಜೊತೆ ಅದನ್ನು ತಿನ್ನುತ್ತದೆ. ಮರಿಹುಳ ರಕ್ತದಲ್ಲಿ ಹೋಗಿ ಮಿದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಗುಳ್ಳೆ ಒತ್ತಿದ ಹಾಗೆ ಕುರಿ ಸುತ್ತುತ್ತದೆ. ಸತ್ತ ಕುರಿಯ ತಲೆಯನ್ನು ನಾವು ನಾಯಿಗೆ ಎಸೆಯುತ್ತೇವೆ. ಗುಳ್ಳೆಯೊಳಗಿನ ಹುಳಗಳು ಮತ್ತೆ ನಾಯಿಯ ಹೊಟ್ಟೆ ಸೇರುತ್ತವೆ. ಚಕ್ರ ಪೂರ್ತಿಯಾಯಿತು. ಈ ಚಕ್ರ ತಿರುಗಿಸುವವರು ನಾವೇ.

ಇನ್ನೊಂದು ಹುಳ ಇದಕ್ಕಿಂತ ಕೆಟ್ಟದ್ದು. ಅಕ್ಕಿಕಾಳಿನಷ್ಟೇ ಉದ್ದ. ಕುರಿ ಕೊಯ್ದಾಗ ಯಕೃತ್ತಿನಲ್ಲಿ, ಪುಪ್ಪುಸದಲ್ಲಿ ನೀರು ತುಂಬಿದ ಗುಳ್ಳೆ ಕಂಡರೆ ಅದು ಇದರದ್ದಿರಬಹುದು. ಅಂಥದ್ದನ್ನು ತಿನ್ನಲು ಆಗುವುದಿಲ್ಲ ಅಂತ ನಾಯಿಗೆ ಹಾಕುತ್ತೇವೆ. ನಾಯಿಯ ಹೇಲಿನಿಂದ ಇದರ ತತ್ತಿ ಮನುಷ್ಯರ ಹೊಟ್ಟೆಗೂ ಬರುತ್ತದೆ. ನಮ್ಮ ಯಕೃತ್ತಿನಲ್ಲೂ ಪುಪ್ಪುಸದಲ್ಲೂ ಅದೇ ಗುಳ್ಳೆ ವರ್ಷಗಟ್ಟಲೆ ಬೆಳೆದು, ಬಹಳ ಸಲ ಆಪರೇಷನ್ನೇ ಮಾಡಿಸಬೇಕಾಗುತ್ತದೆ. ನಾವು ಹೊಲದಲ್ಲಿ ಹಕ್ಕರಕಿ, ಮೆಂತ್ಯ ಕಿತ್ತು ರೊಟ್ಟಿ ಜೊತೆ ಹಸಿದೇ ತಿನ್ನುವ ಮಂದಿ. ಸೊಪ್ಪು ತೊಳೆಯದೆ, ನಾಯಿ ಮುಟ್ಟಿದ ಕೈ ತೊಳೆಯದೆ ಉಂಡರೆ ತತ್ತಿ ಬರುವ ದಾರಿ ಅದೇ.

ತಪ್ಪಿಸುವ ದಾರಿ ದೊಡ್ಡದಲ್ಲ. ಕುರಿಯ ತಲೆ, ಯಕೃತ್ತು, ಪುಪ್ಪುಸ ಹಸಿಯಾಗಿ ನಾಯಿಗೆ ಹಾಕಬಾರದು. ಆಳವಾಗಿ ಹೂಳಬೇಕು, ಹಾಕಲೇಬೇಕೆಂದರೆ ಅರ್ಧ ತಾಸಿಗೂ ಹೆಚ್ಚು ಚೆನ್ನಾಗಿ ಕುದಿಸಬೇಕು. ಮೂರು ತಿಂಗಳಿಗೊಮ್ಮೆಯಾದರೂ ನಾಯಿಗೆ ಹುಳದ ಗುಳಿಗೆ ಹಾಕಬೇಕು. ಗುಳಿಗೆಯಲ್ಲಿ ಪ್ರಾಜಿಕ್ವಾಂಟೆಲ್ ಇರಬೇಕು ಅಂತ ದನದ ಡಾಕ್ಟರಿಗೆ ಕೇಳಿ, ನಾಯಿಯ ತೂಕ ಹೇಳಿ ಬರೆಸಿಕೊಳ್ಳಿ. ಗುಳಿಗೆ ಹಾಕಿದ ಮೇಲೆ ಎರಡು ದಿನ ಕಟ್ಟಿ, ಹೇಲನ್ನು ಹೂಳಿ.

ಕಚ್ಚಿದರೆ ಏನು ಮಾಡಬೇಕು

ಹುಚ್ಚುನಾಯಿ ರೋಗ ಹತ್ತಿ ಲಕ್ಷಣ ಕಂಡ ಮೇಲೆ ಔಷಧವಿಲ್ಲ, ಸಾವೇ. ಲಕ್ಷಣ ಬರುವ ಮುಂಚೆ ಸೂಜಿ ಮಾಡಿಸಿದರೆ ಬದುಕು. ಇವೆರಡರ ನಡುವೆ ನಮ್ಮ ಕೈಯಲ್ಲಿ ಸಿಗುವುದು ಕೆಲವೇ ದಿನ.

ಮೊದಲು ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಬೇಕು. ಕೊಡದಿಂದ ಸುರಿದರೂ ಆಯಿತು, ಬಟ್ಟೆ ಸೋಪಾದರೂ ಆಯಿತು. ಸುಣ್ಣ, ಖಾರದಪುಡಿ, ಎಕ್ಕದ ಹಾಲು ಯಾವುದೂ ಬೇಡ. ಅವತ್ತೇ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ 14 ಸೂಜಿ ಅಂತ ಇನ್ನೂ ಹೆದರುವವರಿದ್ದಾರೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗ ಸೂಜಿ ತೋಳಿಗೆ. ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ಮಾಂಸಖಂಡಕ್ಕಾದರೆ 14ನೇ ದಿನವೂ ಸೇರಿ ಐದು. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೇ ಹಾಕುವ ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಔಷಧವೂ ಬೇಕು. ಅದನ್ನು ಕೇಳಿ ಹಾಕಿಸಿಕೊಳ್ಳಿ. ನಡುವೆ ಸೂಜಿ ಬಿಡಬಾರದು.

ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲಬೇಡಿ. ಕಟ್ಟಿ ಹತ್ತು ದಿನ ನೋಡಿ. ಹತ್ತು ದಿನವೂ ಆರಾಮಿದ್ದರೆ ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಅಂತ ಅರ್ಥ. ಆದರೆ ಹತ್ತು ದಿನ ಕಾಯ್ದು ಆಮೇಲೆ ಆಸ್ಪತ್ರೆಗೆ ಹೋಗೋಣ ಅನ್ನಬಾರದು. ಸೂಜಿ ಶುರು ಮಾಡಿಯೇ ನಾಯಿಯನ್ನು ನೋಡಬೇಕು. ಎತ್ತು, ಎಮ್ಮೆಗೆ ಕಚ್ಚಿದರೂ ಗಾಯ ತೊಳೆದು ದನದ ಡಾಕ್ಟರಿಗೆ ತೋರಿಸಿ, ಅವಕ್ಕೂ ಲಸಿಕೆ ಇದೆ.

ನಮ್ಮ ನಾಯಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿನಲ್ಲಿ ಹಲವು ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುತ್ತಾರೆ, ಮೊದಲೇ ಕೇಳಿಟ್ಟುಕೊಳ್ಳಿ. ಹೆಣ್ಣು ನಾಯಿಯಾದರೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುವುದು ಒಳ್ಳೆಯದು. ಊರ ಹೊರಗೆ ಬಿಟ್ಟುಬಂದ ಮರಿಗಳೇ ನಾಳೆ ನಮ್ಮ ಕುರಿಯ ಮೇಲೆ ಬೀಳುವ ಬೀದಿನಾಯಿಗಳು.

ಹಕ್ಕಲಿಗೆ ಬಂದವರ ಮೇಲೆ ನಾಯಿ

ಇದನ್ನು ಬರೆಯದೆ ಬಿಟ್ಟರೆ ಲೇಖನ ಅರ್ಧವಾಗುತ್ತದೆ. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆ, ಕಾಯಿ ಆಯಲು ಬಡವರು ಬರುತ್ತಾರೆ. ಹಕ್ಕಲು ಆಯುವುದು ನಮ್ಮ ಕಡೆ ತಲೆತಲಾಂತರದಿಂದ ನಡೆದು ಬಂದದ್ದು. ಬರುವವರು ಹೆಚ್ಚಾಗಿ ಮುದುಕಿಯರು, ಹುಡುಗರು. ಅವರ ಮೇಲೆ ನಾಯಿ ಛೂ ಬಿಡುವ ಹೊಲಗಳೂ ಇವೆ. ನಾಯಿಗೆ ಒಮ್ಮೆ ಮನುಷ್ಯರ ಬೆನ್ನಟ್ಟುವುದನ್ನು ಕಲಿಸಿದರೆ ಅದು ಬಡವ, ಸಾಹುಕಾರ ಅಂತ ನೋಡುವುದಿಲ್ಲ. ನಾಳೆ ಕಳೆಗೆ ಬಂದವಳನ್ನೂ, ಮನೆಗೆ ಬಂದ ಬೀಗರನ್ನೂ ಹಿಡಿಯುತ್ತದೆ. ಆಯಲು ಬಿಡುವುದಿಲ್ಲ ಅಂದರೆ ಬಾಯಿಂದ ಹೇಳಿ. ನಾಯಿಯ ಬಾಯಿಂದ ಹೇಳಿಸಬೇಡಿ.

ನಮ್ಮ ಹೊಲದ ಕಟ್ಟಳೆ

1. ಆಳು ಹೊಲದಲ್ಲಿ ಇರುವಷ್ಟು ಹೊತ್ತು ನಾಯಿ ನೆರಳಲ್ಲಿ, ಉದ್ದ ಹಗ್ಗದಲ್ಲಿ, ನೀರಿನ ಜೊತೆ. ಕಟ್ಟಿದ ಜಾಗ ಆಳುಗಳಿಗೆ ಗೊತ್ತಿರಬೇಕು.
2. ಹೊಸ ಆಳು ಬಂದರೆ ನಾಯಿಯ ಸ್ವಭಾವ ಮೊದಲೇ ಹೇಳುವುದು.
3. ಬಿಡುವುದು ಕತ್ತಲಾದ ಮೇಲೆ, ಮನುಷ್ಯ ಜೊತೆಗಿದ್ದಾಗ ಮಾತ್ರ.
4. ವರ್ಷಕ್ಕೊಮ್ಮೆ ಲಸಿಕೆ, ಮೂರು ತಿಂಗಳಿಗೊಮ್ಮೆ ಹುಳದ ಗುಳಿಗೆ. ಕಾರ್ಡು ಬಿತ್ತನೆ ಬೀಜದ ಚೀಟಿ ಜೊತೆ ಜೋಪಾನ.
5. ಹಸಿ ತಲೆ, ಹಸಿ ಯಕೃತ್ತು ನಾಯಿಗೆ ಇಲ್ಲ.
6. ನಮ್ಮ ನಾಯಿ ಕಚ್ಚಿದರೆ ಆಸ್ಪತ್ರೆಯ ಓಡಾಟ, ಅಷ್ಟು ದಿನದ ಕೂಲಿ ನಮ್ಮದು.

ಆರನೆಯದಕ್ಕೆ ‘ಇದು ಬಹಳ ಆಯಿತು’ ಅನ್ನುವ ನೆರೆಯವರಿದ್ದಾರೆ. ಎತ್ತು ಬೇರೆಯವರ ಬೆಳೆ ಮೇಯ್ದರೆ ದಂಡ ಕೊಡುತ್ತೇವೆ, ನಾಯಿಗೆ ಯಾಕೆ ಬೇರೆ ನ್ಯಾಯ? ಇದಕ್ಕಿಂತ ಒಳ್ಳೆಯ ಕ್ರಮ ನಿಮ್ಮ ಕಡೆ ಇದ್ದರೆ, ಮುಖ್ಯವಾಗಿ ಕುರಿ ಸಾಕುವವರು, ದಯಮಾಡಿ ಈ ಪತ್ರಿಕೆಗೆ ಬರೆಯಿರಿ.