ಕಡಲ ಗಡಿಯ ಕಾವಲು
ದೇಶದ ಗಡಿಯೆಂದರೆ ಮುಳ್ಳುತಂತಿ ಬೇಲಿಯೂ ಹಿಮಾಲಯದ ಠಾಣೆಗಳೂ ನೆನಪಾಗುವುದು ಸಹಜವಾದರೂ, ಉಡುಪಿ ಜಿಲ್ಲೆಗೆ ಆ ಗಡಿ ಮಲ್ಪೆ, ಕಾಪು, ಹೆಜಮಾಡಿಗಳ ಪಡುಗಡಲೇ ಆಗಿದೆ. ಬೇಲಿ ಹಾಕಲಾಗದ ಈ ಗಡಿಯ ದೌರ್ಬಲ್ಯ 2008ರ ನವೆಂಬರ್ 26ರಂದು ಬಯಲಾಯಿತು. ಅಂದು ಹತ್ತು ಮಂದಿ ಭಯೋತ್ಪಾದಕರು ಮೊದಲೇ ವಶಪಡಿಸಿಕೊಂಡಿದ್ದ ‘ಕುಬೇರ್’ ಎಂಬ ಭಾರತೀಯ ಮೀನುಗಾರಿಕಾ ದೋಣಿಯಲ್ಲಿ, ಯಾರ ಸಂಶಯಕ್ಕೂ ಒಳಗಾಗದೆ ಮುಂಬಯಿಯನ್ನು ಸಮೀಪಿಸಿದ್ದರು.

ಈಗ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ, ಮಲ್ಪೆಯಲ್ಲಿ ಕೇಂದ್ರ ಕಚೇರಿಯುಳ್ಳ ರಾಜ್ಯದ ಕರಾವಳಿ ಕಾವಲು ಪೊಲೀಸರು ಗಸ್ತು ತಿರುಗುತ್ತಾರೆ. ಅದರಾಚೆ ಕೋಸ್ಟ್ ಗಾರ್ಡ್ ಇದ್ದು, ಸಾಗರ ಭದ್ರತೆಯ ಒಟ್ಟು ಹೊಣೆ 2009ರಿಂದ ನೌಕಾಪಡೆಯದು. ಆದರೆ ಹಡಗು, ರಾಡಾರ್‌ಗಳಿಗಿಂತಲೂ ಕಠಿಣವಾದದ್ದು ಗುರುತಿನ ಪ್ರಶ್ನೆ. ನೂರಾರು ಬೋಟುಗಳು ಒಟ್ಟಿಗೆ ಕಡಲಿಗಿಳಿಯುವಾಗ ನಮ್ಮದು ಯಾವುದು, ಹೊರಗಿನದು ಯಾವುದೆಂದು ರಾಡಾರಿನ ಚುಕ್ಕಿ ತಾನಾಗಿ ಹೇಳದು. ಬೋಟಿನ ಬಣ್ಣ, ಮುಂಭಾಗದ ಆಕಾರ, ಬಲೆ ಬೀಸದೆ ಸುಮ್ಮನೆ ನಿಂತಿರುವ ರೀತಿ ಇವುಗಳಿಂದಲೇ ಅಪರಿಚಿತರನ್ನು ಗುರುತಿಸಬಲ್ಲವರು ಮೀನುಗಾರರು. ಅವರ ಮಾಹಿತಿಗೆಂದೇ 1093 ಸಹಾಯವಾಣಿಯಿದೆ.

ಅವರ ವಿಶ್ವಾಸ ಗಳಿಸಬೇಕಾದರೆ ಕಾವಲು ವ್ಯವಸ್ಥೆ ಅವರ ಪ್ರಾಣವನ್ನೂ ಕಾಯಬೇಕು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಏಳು ಮೀನುಗಾರರೊಂದಿಗೆ ಕಣ್ಮರೆಯಾಗಿ, ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿಯ ಸಮುದ್ರತಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಕುಟುಂಬಗಳು ಅನುಭವಿಸಿದ ಸಂಕಟ ಮರೆಯುವಂಥದ್ದಲ್ಲ. ಮೊಬೈಲ್ ಸಂಕೇತ ಸಿಗದ ದೂರದಿಂದಲೂ ಉಪಗ್ರಹದ ಮೂಲಕ ಬೋಟಿನ ಸ್ಥಳವನ್ನೂ ಅಪಾಯದ ಸಂದೇಶವನ್ನೂ ದಡಕ್ಕೆ ತಲುಪಿಸುವ ಟ್ರಾನ್ಸ್‌ಪಾಂಡರ್ ಎಂಬ ಉಪಕರಣವನ್ನು ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಕಾರ್ಯಕ್ರಮ ಈ ಕಾರಣಕ್ಕೇ ಭದ್ರತೆ, ರಕ್ಷಣೆ ಎರಡಕ್ಕೂ ಸೇರಿದ್ದಾಗಿದೆ.