ಬೆನ್ನಿಗೆ ಕಪ್ ಇಡಿಸುವ ಮುನ್ನ

ನಮ್ಮ ಕಡೆ ಕಪ್ಪಿಂಗ್, ಅಂದರೆ ಗಾಳಿ ಹೀರಿದ ಕಪ್ಪನ್ನು ಮೈಗೆ ಅಂಟಿಸುವ ಚಿಕಿತ್ಸೆ, ಮಾಡಿಸಿಕೊಂಡವರು ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಾಗಿಲ್ಲ. ಗಂಡಸರು ಅಂಗಿ ಬನಿಯನ್ ಕಳಚಿ ದೇವಸ್ಥಾನದ ಒಳಗೆ ಹೋಗುವ ಊರು ಇದು. ಬೆನ್ನ ಮೇಲೆ ನೇರಳೆ ಬಣ್ಣದ ದುಂಡು ಕಲೆಗಳು ಎರಡು ಸಾಲಾಗಿ ಕಂಡವೆಂದರೆ ಹಿಂದೆ ನಿಂತವರು ಸುಮ್ಮನಿರುವವರಲ್ಲ. "ಹ್ವಾಯ್, ಬೆನ್ನಿಗೆ ಎಂತ ಮಾಡ್ಕಂಡ್ರಿ ಮರಾಯ್ರೆ?" ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಪ್ರದಕ್ಷಿಣೆಯೂ ಮುಗಿದಿರುತ್ತದೆ, ಕೇಳಿದವರು ಕ್ಲಿನಿಕ್ಕಿನ ವಿಳಾಸವನ್ನೂ ಪಡೆದಿರುತ್ತಾರೆ. ಬ್ರಹ್ಮಾವರ, ಕುಂದಾಪುರ, ಬೈಂದೂರಿನಲ್ಲಿ ಈ ಚಿಕಿತ್ಸೆಗೆ ಬೇರೆ ಜಾಹೀರಾತು ಬೇಕಿಲ್ಲ.

ಕೇಳುವವರಿಗೆ ಬರೀ ಕುತೂಹಲವೂ ಅಲ್ಲ. ಈ ಮೂರು ತಾಲೂಕುಗಳಲ್ಲಿ ಬೆನ್ನು ನೋವಿಲ್ಲದ ಮನೆ ಸಿಗುವುದು ಕಷ್ಟ. ಗಂಗೊಳ್ಳಿ, ಮರವಂತೆ, ಉಪ್ಪುಂದ, ಶಿರೂರಿನಲ್ಲಿ ಬಲೆ ಎಳೆಯುವವರ ಸೊಂಟಕ್ಕೆ ಬಿಡುವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧವಿದೆ, ಆದರೆ ನಾಡದೋಣಿಯವರ ದುಡಿಮೆ ಶುರುವಾಗುವುದೇ ಆ ಮಳೆಗಾಲದಲ್ಲಿ. ಅದೇ ಹೊತ್ತಿಗೆ ಗದ್ದೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಗ್ಗಿ ನಾಟಿ ಮಾಡುವ ಹೆಂಗಸರು. ಮಳೆ ಕಳೆದರೆ ಯಕ್ಷಗಾನದ ತಿರುಗಾಟ. ಮಂದಾರ್ತಿ, ಮಾರಣಕಟ್ಟೆ ಮೇಳದ ವೇಷಧಾರಿಗಳು ಕಿರೀಟ, ಗೆಜ್ಜೆ, ವೇಷದ ಭಾರ ಹೊತ್ತು ಕುಣಿದು, ಮಂಡಿ ತಿರುಗಿ, ಮರುದಿನ ಇನ್ನೊಂದು ಊರಿಗೆ ಹೊರಡಬೇಕು. ಹೆದ್ದಾರಿ 66ರಲ್ಲಿ ಬಸ್ಸು ಓಡಿಸುವವರು, ಬೆಂಗಳೂರಿನ ಹೋಟೆಲಿನಲ್ಲಿ ಹನ್ನೆರಡು ತಾಸು ನಿಂತೇ ದುಡಿದು ಊರಿಗೆ ಬರುವವರು, ಈಚೆಗೆ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಹುಡುಗರು, ಇವರೆಲ್ಲರ ದೂರು ಒಂದೇ: ಸೊಂಟ ಹಿಡಿದಿದೆ.

ಇದಕ್ಕೆ ಹಿಂದೆ ಮದ್ದೇ ಇರಲಿಲ್ಲ ಎಂದಲ್ಲ. ಲಕ್ಕಿ ಸೊಪ್ಪು ಕುದಿಸಿದ ನೀರಿನ ಸ್ನಾನ, ಎಣ್ಣೆ ತಿಕ್ಕಿಸಿ ಶಾಖ ಕೊಡುವುದು, ಉಳುಕು ತೆಗೆಯುವವರ ಮನೆ ಹುಡುಕಿಕೊಂಡು ಹೋಗುವುದು, ಎಲ್ಲ ಇತ್ತು, ಈಗಲೂ ಇದೆ. ಉಡುಪಿ ಹತ್ತಿರದ ಕುತ್ಪಾಡಿಯ ಎಸ್‌ಡಿಎಂ ಆಯುರ್ವೇದ ಕಾಲೇಜು 1958ರದ್ದು, ಉಜಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜು 1989ರದ್ದು. ಮಣಿಪಾಲವಂತೂ ಬ್ರಹ್ಮಾವರದಿಂದ ಕಣ್ಣಳತೆಯಲ್ಲಿದೆ. ಇಷ್ಟರ ನಡುವೆ ಕಪ್ಪಿಂಗ್ ಬಂದು ಜಾಗ ಹಿಡಿದಿದೆ. ಫಿಸಿಯೋಥೆರಪಿಯವರೂ ಮಾಡುತ್ತಾರೆ, ಪ್ರಕೃತಿ ಚಿಕಿತ್ಸೆಯವರೂ ಮಾಡುತ್ತಾರೆ. ಹಿಜಾಮಾ ಎಂಬ ಹೆಸರಿನಲ್ಲಿ ಯುನಾನಿಯವರು ಮಾಡುತ್ತಾರೆ. ಚಾಂದ್ರಮಾನ ತಿಂಗಳ 17, 19, 21ನೇ ದಿನ ಹಿಜಾಮಾಕ್ಕೆ ಒಳ್ಳೆಯದೆಂಬ ನಂಬಿಕೆ ಮುಸ್ಲಿಮರಲ್ಲಿದೆ.

ಹೊಸದೆಂದು ಕಂಡರೂ ಇದು ಬಹಳ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 13ನೇ ಅಧ್ಯಾಯದಲ್ಲಿ ರಕ್ತ ತೆಗೆಯಲು ಮೂರು ಸಾಧನಗಳ ಮಾತು ಬರುತ್ತದೆ. ವಾತ ಕೆಟ್ಟರೆ ಹಸುವಿನ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಸೋರೆಬುರುಡೆ. ಕೊಂಬಿನ ತುದಿಗೆ ಬಾಯಿಟ್ಟು ಗಾಳಿ ಹೀರುತ್ತಿದ್ದರು, ಬುರುಡೆಯೊಳಗೆ ದೀಪ ಉರಿಸಿ ಗಾಳಿ ಕಳೆಯುತ್ತಿದ್ದರು. ಇವತ್ತಿನ ಪ್ಲಾಸ್ಟಿಕ್ ಪಂಪ್ ಕಪ್ಪೂ ಸ್ಪಿರಿಟ್ ಹತ್ತಿ ಉರಿಸುವ ಗಾಜಿನ ಕಪ್ಪೂ ಮಾಡುವುದು ಅದನ್ನೇ. ಯುನಾನಿಯಲ್ಲಿ ಇದು ಪಠ್ಯದ ಭಾಗ. 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ. ಯುರೋಪಿನ ಆಸ್ಪತ್ರೆಗಳಲ್ಲೂ ಇದು ಇಪ್ಪತ್ತನೇ ಶತಮಾನದವರೆಗೆ ಇತ್ತು. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1929ರಲ್ಲಿ ಪ್ಯಾರಿಸ್ಸಿನ ಸಾರ್ವಜನಿಕ ಆಸ್ಪತ್ರೆಯೊಂದಕ್ಕೆ ಸೇರಿದಾಗ ಅವರ ಬೆನ್ನಿಗೂ ಗಾಜಿನ ಲೋಟ ಅಂಟಿಸಿ, ಚರ್ಮ ಗೀರಿ ರಕ್ತ ತೆಗೆದಿದ್ದರು. 1946ರ 'ಹೌ ದ ಪೂರ್ ಡೈ' ಪ್ರಬಂಧದಲ್ಲಿ ಅದನ್ನು ಬರೆದಿದ್ದಾರೆ. ಅದನ್ನು ಓದಿದವರಿಗೆ ಕಪ್ಪಿಂಗ್ ಮಾಡಿಸಿಕೊಳ್ಳುವ ಆಸೆ ಹುಟ್ಟಲಿಕ್ಕಿಲ್ಲ.

ನನಗೆ ಹುಟ್ಟಿದ್ದು ಬೈಕಿನ ದೆಸೆಯಿಂದ. ಕುಂದಾಪುರ, ಬೈಂದೂರು ಎಂದು ಓಡಾಡಿ ಸೊಂಟದ ಎರಡೂ ಬದಿ ಗಟ್ಟಿಯಾಗಿತ್ತು. ರಕ್ತ ತೆಗೆಯುವುದು ಬೇಡ, ಒಣ ಕಪ್ ಸಾಕು ಎಂದು ಮೊದಲೇ ಹೇಳಿದ್ದೆ. ಬೋರಲು ಮಲಗಿಸಿ, ಎಣ್ಣೆ ಸವರಿ, ಬೆನ್ನುಮೂಳೆಯ ಎರಡು ಬದಿಗೆ ಕಪ್ ಇಟ್ಟು ಪಂಪ್ ಒತ್ತಿದರು. ನೋವು ಎನ್ನುವುದಕ್ಕಿಂತ ಚರ್ಮ ಬಿಗಿದುಕೊಂಡು ಮೇಲಕ್ಕೆ ಬರುವ ಅನುಭವ ಎನ್ನಬಹುದು. ಆಮೇಲೆ ಬೆಚ್ಚಗೆ, ಸ್ವಲ್ಪ ಜುಮುಜುಮು. ಐದರಿಂದ ಹದಿನೈದು ನಿಮಿಷ ಇಡುವುದು ರೂಢಿ. ಕಪ್ ತೆಗೆಯುವಾಗ 'ಟಪ್' ಎಂಬ ಸದ್ದು. ಎದ್ದು ಬಗ್ಗಿ ನೋಡಿದರೆ ಸೊಂಟ ನಿಜಕ್ಕೂ ಹಗುರವಾಗಿತ್ತು. ರಾತ್ರಿ ಒಳ್ಳೆಯ ನಿದ್ದೆ ಬಂತು. ಕಲೆಗಳು ಮಾಸುವ ಮೊದಲೇ ಹಳೆಯ ಬಿಗಿತ ವಾಪಸು ಬಂತು ಎಂಬುದನ್ನೂ ಹೇಳಬೇಕು.

ಹಾಗಾದರೆ ಒಳಗೆ ಆಗುವುದೇನು? ಮಾಲಿಶಿನಲ್ಲಿ ಸ್ನಾಯುವನ್ನು ಕೆಳಕ್ಕೆ ಒತ್ತುತ್ತಾರೆ, ಕಪ್ ಚರ್ಮವನ್ನೂ ಅದರ ಕೆಳಗಿನ ಪದರವನ್ನೂ ಮೇಲಕ್ಕೆ ಎಳೆಯುತ್ತದೆ. ಆ ಎಳೆತಕ್ಕೆ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಒಡೆದು ಚರ್ಮದಡಿ ರಕ್ತ ಹರಡುತ್ತದೆ. ಕಲೆ ಎಂದರೆ ಅಷ್ಟೇ, ಪೆಟ್ಟು ಬಿದ್ದಾಗ ಕಂದುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಕೆಲವು ದಿನ, ಹೆಚ್ಚೆಂದರೆ ವಾರ ಹತ್ತು ದಿನದಲ್ಲಿ ಮಾಯುತ್ತದೆ. ಕಲೆ ಕಪ್ಪಾದಷ್ಟೂ 'ವಿಷ' ಹೆಚ್ಚಿತ್ತು ಎನ್ನುವವರ ಮಾತಿಗೆ ಆಧಾರವಿಲ್ಲ. ರಕ್ತ ಶುದ್ಧ ಮಾಡುವ ಕೆಲಸಕ್ಕೆ ಪಿತ್ತಜನಕಾಂಗ, ಮೂತ್ರಪಿಂಡಗಳಿವೆ. ಕಪ್ಪಿನ ಬಲ ಮತ್ತು ಇಟ್ಟ ಹೊತ್ತು ಹೆಚ್ಚಿದರೆ ಆರೋಗ್ಯವಂತರ ಬೆನ್ನೂ ಕಪ್ಪಾಗುತ್ತದೆ.

ನೋವು ಇಳಿದ ಹಾಗೆ ಅನ್ನಿಸುವುದು ಸುಳ್ಳಲ್ಲ. ಮೊಣಕೈ ಗೋಡೆಗೆ ತಾಗಿದಾಗ ನಾವು ತಿಕ್ಕಿಕೊಳ್ಳುತ್ತೇವಲ್ಲ, ಸ್ಪರ್ಶದ ಸಂದೇಶ ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲೇ ತಡೆಯಬಲ್ಲದು ಎಂದು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ವಾದಿಸಿದರು. ಕಪ್ಪಿನ ಹಿಡಿತಕ್ಕೂ ಆ ಗುಣ ಇರಬಹುದು. ಜೊತೆಗೆ ಅರ್ಧ ಗಂಟೆ ಫೋನಿಲ್ಲದೆ ಮಲಗುವುದು, ಒಬ್ಬರು ನಮ್ಮ ನೋವನ್ನು ಗಮನ ಕೊಟ್ಟು ಕೇಳುವುದು. ಇದನ್ನು ಕೇವಲವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ 2021ರಲ್ಲಿ ಬ್ರೆಜಿಲಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದಿದೆ. ದೀರ್ಘಕಾಲದ ಸೊಂಟ ನೋವಿದ್ದ 90 ಜನರಲ್ಲಿ ಅರ್ಧದಷ್ಟು ಮಂದಿಗೆ ನಿಜವಾದ ಒಣ ಕಪ್, ಉಳಿದವರಿಗೆ ಹಿಡಿತ ಬೇಗ ಬಿಟ್ಟುಹೋಗುವ ಹುಸಿ ಕಪ್, ವಾರಕ್ಕೊಮ್ಮೆಯಂತೆ ಎಂಟು ವಾರ. ನೋವಿನ ವಿಷಯದಲ್ಲಿ ನಿಜದ ಕಪ್ ಹುಸಿ ಕಪ್ಪಿಗಿಂತ ಮೇಲು ಎಂದು ಕಾಣಲಿಲ್ಲ. ಪರವಾಗಿ ಬಂದ ಅಧ್ಯಯನಗಳೂ ಇವೆ, ಹೆಚ್ಚಿನವು ಸಣ್ಣವು, ಗುಣಮಟ್ಟದಲ್ಲಿ ದುರ್ಬಲ. ಇನ್ನೊಂದು ಮಾತು: ಹೊಸದಾಗಿ ಹಿಡಿದ ಸೊಂಟ ಬಹುಪಾಲು ಜನರಿಗೆ ಸುಮಾರು ಆರು ವಾರದೊಳಗೆ ತಾನಾಗಿಯೇ ಸಡಿಲುತ್ತದೆ. ಐದನೇ ವಾರ ಯಾವ ಚಿಕಿತ್ಸೆ ಮಾಡಿಸಿದರೂ ಕೀರ್ತಿ ಅದಕ್ಕೇ ಹೋಗುತ್ತದೆ.

ಜಿಮ್ಮಿನ ಹುಡುಗರು ಕೇಳುವುದು ಸೊಂಟದ ಮಾತಲ್ಲ, ರಿಕವರಿ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಮೈಕೆಲ್ ಫೆಲ್ಪ್ಸ್ ಭುಜದ ತುಂಬ ದುಂಡು ಕಲೆ ಹೊತ್ತು ಈಜಿ 5 ಚಿನ್ನ, 1 ಬೆಳ್ಳಿ ಗೆದ್ದ ಮೇಲೆ ಈ ಗೀಳು ಎಲ್ಲ ಕಡೆ ಹಬ್ಬಿತು. ಅವರು 2004, 2008, 2012ರಲ್ಲೂ ರಾಶಿ ಚಿನ್ನ ಗೆದ್ದಿದ್ದರು ಎಂಬುದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ನಮ್ಮದೇ ವಂಡ್ಸೆ ಕಡೆಯ ಗುರುರಾಜ್ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದರು, 2022ರ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು. ಆ ಇಪ್ಪತ್ತು ಕಿಲೋದ ಏರಿಕೆಯ ಹಿಂದೆ ಇರುವುದು ವರ್ಷಗಟ್ಟಲೆಯ ಅಭ್ಯಾಸ. ಭಾರ ಎತ್ತಿದ ಮರುದಿನದಿಂದ ಎರಡು ಮೂರು ದಿನ ಕಾಡುವ ಮೈಕೈ ನೋವು ನಿದ್ದೆಯಿಂದ, ಸಾಕಷ್ಟು ಪ್ರೋಟೀನಿನಿಂದ, ಹಗುರ ನಡಿಗೆಯಿಂದ ಇಳಿಯುತ್ತದೆ. ಬೈಗೆ, ಬಂಗುಡೆ ಕೈಗೆಟಕುವ ಊರಿನಲ್ಲಿ ಡಬ್ಬದ ಪುಡಿಗೂ ಕಪ್ಪಿಗೂ ಸಂಬಳ ಸುರಿಯುವ ಹುಡುಗರನ್ನು ಕಂಡರೆ ಅವರ ಅಮ್ಮಂದಿರಿಗೆ ಬೇಸರವಾಗದೆ ಇರುತ್ತದೆಯೇ?

ರಕ್ತ ತೆಗೆಯುವ ಹಿಜಾಮಾದ ಮಾತು ಬೇರೆ. ಅಲ್ಲಿ ಚರ್ಮಕ್ಕೆ ಬ್ಲೇಡು ತಾಗುತ್ತದೆ. ಬ್ಲೇಡು, ಕಪ್ ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಐದೂವರೆ ವರ್ಷದ ಯುನಾನಿ ಪದವಿ ಬಿಯುಎಂಎಸ್ ಓದಿ, ನೋಂದಣಿ ಮಾಡಿಸಿಕೊಂಡ ವೈದ್ಯರಿಗೂ ವಾರದ ತರಬೇತಿ ಮುಗಿಸಿ ಬಾಡಿಗೆ ಕೋಣೆಯಲ್ಲಿ ಕೂತವರಿಗೂ ಅಜಗಜಾಂತರ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಂತೆ ಆಯುಷ್ ಕ್ಲಿನಿಕ್ಕುಗಳಿಗೂ ನೋಂದಣಿ ಕಡ್ಡಾಯ. ಸಭಾಭವನದ ಶಿಬಿರದಲ್ಲಿ ಸಾಲಾಗಿ ಮಲಗಿಸಿ ಗೀರುವುದನ್ನು ಕಂಡರೆ ನಾನಂತೂ ಚಹಾ ಕುಡಿದು ವಾಪಸು ಬರುತ್ತೇನೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ರಕ್ತಹೀನತೆ ಇರುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಳೆದುಕೊಂಡವರು, ಚರ್ಮ ತೆಳುವಾದ ಹಿರಿಯರು ಒಣ ಕಪ್ಪನ್ನೂ ತಮ್ಮ ವೈದ್ಯರನ್ನು ಕೇಳದೆ ಇಡಿಸಬಾರದು. ಆನ್‌ಲೈನಿನಲ್ಲಿ ಸೆಟ್ ತರಿಸಿ ಅಪ್ಪಯ್ಯನ ಬೆನ್ನಿಗೆ ನೀವೇ ಇಡಲು ಹೋಗಬೇಡಿ. ಬೆಂಕಿಯ ಕಪ್ಪಂತೂ ಮನೆಯಲ್ಲಿ ಬೇಡವೇ ಬೇಡ.

ಉಳಿದವರು ಇಡಿಸಿಕೊಳ್ಳಿ, ತಪ್ಪಿಲ್ಲ. ಆದರೆ ಸೊಂಟ ಹಗುರಾದ ಒಂದೆರಡು ದಿನವನ್ನು ಮಲಗಿ ಕಳೆಯಬೇಡಿ, ನಡೆಯಿರಿ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಶುರುಮಾಡಿ. ದೀರ್ಘಕಾಲದ ಸೊಂಟ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಕೊಟ್ಟ ಮಾರ್ಗಸೂಚಿಯೂ ತಿಳಿವಳಿಕೆ, ವ್ಯಾಯಾಮಕ್ಕೆ ಒತ್ತು ಕೊಡುತ್ತದೆ. ನಮ್ಮಲ್ಲಿ ಎಲ್ಲರೂ ಕಟ್ಟಿಕೊಳ್ಳುವ ಸೊಂಟದ ಬೆಲ್ಟು ವಾಡಿಕೆಯಾಗಿ ಬೇಡ ಎನ್ನುತ್ತದೆ. ಕಾಲು ಮರಗಟ್ಟಿದರೆ, ಪಾದ ಎತ್ತಲು ಬಲ ಸಾಲದಿದ್ದರೆ, ಬೆನ್ನು ನೋವಿನೊಂದಿಗೆ ಜ್ವರವೋ ಕಾರಣವಿಲ್ಲದೆ ತೂಕ ಇಳಿಯುವುದೋ ಕಂಡರೆ ಕಪ್ ಕೇಂದ್ರದ ಬಾಗಿಲಿಗೆ ಹೋಗದೆ ನೇರ ಆಸ್ಪತ್ರೆಗೆ ಹೋಗಿ. ಮೂತ್ರ ಮಲದ ಹಿಡಿತ ತಪ್ಪಿದರೆ ಮರುದಿನಕ್ಕೂ ಕಾಯಬೇಡಿ, ಅದೇ ರಾತ್ರಿ ಹೊರಡಿ.