ಯುಗಾದಿ: ಯಾವುದು ಲೆಕ್ಕ? ಯಾವುದು ಪದ್ಧತಿ? ಯಾವುದು ಬರೀ ಹೆದರಿಕೆ?



ಯುಗಾದಿ ಬಂತು ಅಂದ್ರೆ ನಮ್ಮ ಸಿ.ಎಸ್. ಪುರದ ಸುತ್ತಮುತ್ತ ಮನೆಮನೆಗೂ ಮಾವಿನ ತೋರಣ, ಎಣ್ಣೆ ನೀರು, ಬೇವು-ಬೆಲ್ಲ, ಹೋಳಿಗೆ. ಇವುಗಳ ಜೊತೆಗೇ ‘ಇವತ್ತು ಹಾಗೆ ಮಾಡಬಾರದು, ಹೀಗೆ ಮಾಡಬಾರದು’ ಎಂಬ ಮಾತುಗಳೂ ಬರುತ್ತವೆ. ಎಲ್ಲವನ್ನೂ ಒಂದೇ ಗಂಟು ಕಟ್ಟಿ ‘ಬರೀ ಮೂಢನಂಬಿಕೆ’ ಅನ್ನುವುದು ಸರಿಯಲ್ಲ. ‘ಹಿರಿಯರು ಹೇಳಿದ್ದಾರೆ’ ಅಂತ ಎಲ್ಲವನ್ನೂ ಒಪ್ಪುವುದೂ ಸರಿಯಲ್ಲ. ಗಂಟು ಬಿಚ್ಚಿ ಒಂದೊಂದಾಗಿ ನೋಡೋಣ.

1. ಲೆಕ್ಕ

ಯುಗಾದಿ ಎಂದರೆ ಚೈತ್ರ ಶುದ್ಧ ಪಾಡ್ಯ. ಚಂದ್ರನ ಹನ್ನೆರಡು ತಿಂಗಳಿಗೆ ಸುಮಾರು 354 ದಿನ, ಸೂರ್ಯನ ವರ್ಷಕ್ಕೆ 365 ದಿನ. ಅದಕ್ಕೇ ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಹೀಗೇ ಹಿಂದೆ ಹಿಂದೆ ಹೋದರೆ ಹಬ್ಬ ಚಳಿಗಾಲಕ್ಕೆ ಬಿದ್ದು ಬೇವಿನ ಹೂವೇ ಸಿಗುತ್ತಿರಲಿಲ್ಲ! ಆದ್ದರಿಂದ ಸುಮಾರು 32-33 ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಸೇರಿಸಿ ಸರಿದೂಗಿಸುತ್ತಾರೆ. ಇದು ಅಚ್ಚುಕಟ್ಟಾದ ಗಣಿತ.

ಮಳೆ ನಕ್ಷತ್ರಗಳೂ ಹಾಗೆಯೇ. ಸೂರ್ಯ 27 ನಕ್ಷತ್ರಗಳನ್ನು ವರ್ಷದಲ್ಲಿ ದಾಟುತ್ತಾನೆ. ಒಂದೊಂದಕ್ಕೆ 13-14 ದಿನ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ. ಭರಣಿ ಮಳೆ ಬಿದ್ದರೆ ಹೆಸರು, ಎಳ್ಳು ಬಿತ್ತಬಹುದು ಅನ್ನುವುದು ರೈತರು ಕಂಡುಂಡ ಅನುಭವ.

ಆದರೆ ಪಂಚಾಂಗದಲ್ಲಿ ‘ಈ ವರ್ಷ ಇಷ್ಟು ಕೊಳಗ ಮಳೆ’, ‘ಈ ರಾಶಿಗೆ ಇಷ್ಟು ಆಯ, ಇಷ್ಟು ವ್ಯಯ’ ಅಂತ ಓದುತ್ತಾರಲ್ಲ, ಅದು ಬೇರೆ. ಸಿ.ಎಸ್. ಪುರದಲ್ಲಿ ಸುರಿದ ಮಳೆ ಎಷ್ಟೋ ಸಲ ಗುಬ್ಬಿಯಲ್ಲಿ ಹನಿಯುವುದೂ ಇಲ್ಲ. ಹಾಗಿದ್ದ ಮೇಲೆ ಇಡೀ ನಾಡಿಗೆ ಒಂದೇ ಕೊಳಗದ ಲೆಕ್ಕ ಹೇಗೆ ಸರಿಹೋದೀತು? ಸಂವತ್ಸರದ ಹೆಸರೂ ಅಷ್ಟೆ. 2026ರ ಯುಗಾದಿಗೆ ಶುರುವಾಗುವುದು ‘ಪರಾಭವ’. ಪರಾಭವ ಎಂದರೆ ಸೋಲು. ಹಾಗಂತ ಆ ವರ್ಷ ಪರೀಕ್ಷೆ ಬರೆದವರೆಲ್ಲಾ ಫೇಲಾಗಬೇಕೇ? 60 ಹೆಸರುಗಳು ಸರದಿಯ ಪ್ರಕಾರ ಬರುತ್ತವೆ, ಅಷ್ಟೆ. 1966ರಲ್ಲೂ ಇದೇ ಹೆಸರು ಬಂದಿತ್ತು.

2. ಪದ್ಧತಿ

ಹಳೇ ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಯುಗಾದಿಗೆ ಹೊನ್ನಾರು ಕಟ್ಟುವುದುಂಟು. ನೇಗಿಲು ತೊಳೆದು, ಎತ್ತುಗಳಿಗೆ ಪೂಜೆ ಮಾಡಿ, ಹೊಲದಲ್ಲಿ ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಮುಂಗಾರಿಗೆ ಮೊದಲೇ ನೇಗಿಲು, ನೊಗ ಸರಿಯಿದೆಯೇ ಎಂದು ನೋಡಿಕೊಂಡಂತೆಯೂ ಆಯಿತು.

ಸಂಜೆ ಪಡುವಣದಲ್ಲಿ ಚಂದ್ರನನ್ನು ಹುಡುಕಿ, ಕಂಡ ಮೇಲೆ ಹಿರಿಯರ ಕಾಲಿಗೆ ಬೀಳುತ್ತೇವೆ. ಪಾಡ್ಯದ ಚಂದ್ರ ಸೂರ್ಯನಿಗೆ ತೀರಾ ಹತ್ತಿರ ಇರುವುದರಿಂದ ಎಷ್ಟೋ ಸಲ ಕಾಣುವುದಿಲ್ಲ, ಮಾರನೆಯ ದಿನ ಕಾಣುತ್ತಾನೆ. ಇದರಲ್ಲಿ ಶಕುನ ಏನೂ ಇಲ್ಲ. ಚೌತಿಯ ದಿನ ನೋಡಬಾರದು ಅನ್ನುವುದೂ ಇದೇ ಚಂದ್ರನನ್ನೇ!

ಇಂಥ ಪದ್ಧತಿಗಳಿಂದ ಯಾರಿಗೂ ನೋವಿಲ್ಲ. ಉಳಿಸಿಕೊಳ್ಳೋಣ.

3. ಹೆದರಿಕೆ

ಮಾರನೆಯ ದಿನ ವರ್ಷತೊಡಕು. ಅವತ್ತು ಅತ್ತರೆ ವರ್ಷವೆಲ್ಲಾ ಅಳು, ದುಡ್ಡು ಬಂದರೆ ವರ್ಷವೆಲ್ಲಾ ದುಡ್ಡು ಅಂತಾರೆ. ಈ ಮಾತು ಹಿಡಿದೇ ಇಸ್ಪೀಟು ಆಟಕ್ಕೆ ಕೂರುವವರಿದ್ದಾರೆ. ನಾಲ್ಕು ಜನ ತಲಾ 100 ರೂಪಾಯಿ ಇಟ್ಟು ಕೂತರೆ ಒಟ್ಟು 400. ಎದ್ದಾಗಲೂ 400. ಒಬ್ಬನಿಗೆ ಬಂದದ್ದು ಇನ್ನೊಬ್ಬನ ಮನೆಯ ರಾಗಿಯ ದುಡ್ಡು. ‘ಅದೃಷ್ಟ’ ಎಲ್ಲಿಂದಲೂ ಹೊಸದಾಗಿ ಉದುರಲಿಲ್ಲ.

ಇದಕ್ಕಿಂತ ಕಷ್ಟದ ವಿಷಯ ಇನ್ನೊಂದಿದೆ. ಹಬ್ಬದ ಬೆಳಗ್ಗೆ ಯಾರ ಮುಖ ಮೊದಲು ನೋಡಬೇಕು ಅನ್ನುವುದು. ಗಂಡನನ್ನು ಕಳೆದುಕೊಂಡ ಅಜ್ಜಿಯೋ ಅತ್ತೆಯೋ ಎದುರು ಬಂದರೆ ಅಪಶಕುನ ಅಂತ ಕೆಲವರು ಅಂದುಕೊಳ್ಳುತ್ತಾರೆ. ಬಾಯಿಬಿಟ್ಟು ಹೇಳದಿದ್ದರೂ ಅವರೇ ತಿಳಿದು ಹಿತ್ತಲ ಕಡೆ ಸರಿದುಬಿಡುತ್ತಾರೆ. ಹೋಳಿಗೆಗೆ ಬೇಳೆ ಬೇಯಿಸಿ ರುಬ್ಬಿದ ಕೈ ಅವರದೇ!

ಇಂಥ ನಂಬಿಕೆ ನಮ್ಮಲ್ಲಿ ಮಾತ್ರ ಇಲ್ಲ. ಸ್ಕಾಟ್ಲೆಂಡಿನಲ್ಲಿ ಹೊಸ ವರ್ಷದ ಮಧ್ಯರಾತ್ರಿ ದಾಟಿದ ಮೇಲೆ ಕಪ್ಪು ಕೂದಲಿನ ಗಂಡಸು ಮೊದಲು ಹೊಸ್ತಿಲು ತುಳಿದರೆ ಶುಭ, ಹೆಂಗಸು ತುಳಿದರೆ ಅಶುಭ ಎಂಬ ಹಳೆಯ ನಂಬಿಕೆ ಇದೆ. ಆದರೆ ಕಾಸರಗೋಡಿನ ಕಡೆ ಏಪ್ರಿಲ್ ಮಧ್ಯದಲ್ಲಿ ಬರುವ ವಿಷು ಹಬ್ಬ ನೋಡಿ. ಎದ್ದ ಕೂಡಲೇ ಕಣಿ ನೋಡುತ್ತಾರೆ: ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹೂವು, ಜೊತೆಗೊಂದು ಕನ್ನಡಿ. ಅಲ್ಲಿ ಮೊದಲು ಕಾಣುವ ಮುಖ ನಮ್ಮದೇ!

ಬೇವು-ಬೆಲ್ಲ ತಿನ್ನುವಾಗ ‘ಕಷ್ಟ-ಸುಖ ಎರಡನ್ನೂ ಸಮನಾಗಿ ತಗೋತೀವಿ’ ಅಂತೀವಿ. ಹಾಗಂದ ಬಾಯಲ್ಲೇ, ಕಷ್ಟ ಕಂಡವರ ಮುಖ ಬೇಡ ಅನ್ನಬಹುದೇ? ಬೇವು ಬಿಟ್ಟು ಬೆಲ್ಲ ಮಾತ್ರ ತಿಂದಂತಾಗಲಿಲ್ಲವೇ?

4. ಪರೀಕ್ಷೆ ಮಾಡಿ ನೋಡಿ

ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ನಾವೂ ಚಿಕ್ಕದಾಗಿ ಮಾಡಬಹುದು.

ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ, ತಳ ಸಮತಟ್ಟಾದ ಡಬ್ಬವನ್ನು ಬಯಲಲ್ಲಿಡಿ. ಮಳೆ ಬಂದ ಮಾರನೆಯ ಬೆಳಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರು ಎಷ್ಟು ಮಿಲಿಮೀಟರ್ ಇದೆ ಅಂತ ಅಳೆದು, ಯಾವ ಮಳೆ ನಕ್ಷತ್ರ ಅಂತಲೂ ಬರೆಯಿರಿ. ವರ್ಷತೊಡಕಿನ ದಿನ ಮನೆಯಲ್ಲಿ ಯಾರು ನಕ್ಕರು, ಯಾರು ಅತ್ತರು ಅಂತಲೂ ಬರೆದಿಡಿ. ಮುಂದಿನ ಯುಗಾದಿಗೆ ಪುಸ್ತಕ ತೆಗೆದು ಪಂಚಾಂಗದ ಜೊತೆ ತಾಳೆ ನೋಡಿ. ಸರಿಯಾದದ್ದನ್ನೂ ಬರೆಯಿರಿ, ತಪ್ಪಾದದ್ದನ್ನೂ ಬರೆಯಿರಿ. ಇದೇ ಗೋಡೆ ಪತ್ರಿಕೆಯಲ್ಲಿ ಹಾಕೋಣ.

ಇನ್ನೊಂದು ಕೆಲಸಕ್ಕೆ ವರ್ಷ ಕಾಯಬೇಕಾಗಿಲ್ಲ. ಈ ಹಬ್ಬದ ಬೆಳಗ್ಗೆ ಬೇವು-ಬೆಲ್ಲದ ತಟ್ಟೆ ಹಿಡಿದು ಮೊದಲು ಹಿತ್ತಲಲ್ಲಿರುವ ಅಜ್ಜಿಯ ಹತ್ತಿರ ಹೋಗಿ. ಕಾಲಿಗೆ ಬಿದ್ದು, ಕೈ ಹಿಡಿದು ನಡುಮನೆಗೆ ಕರೆತನ್ನಿ.

ಎಲ್ಲರಿಗೂ ಯುಗಾದಿ ಹಬ್ಬದ ಶುಭಾಶಯಗಳು.